ಬೀಗರೂಟದ ಪ್ರಶ್ನೆಗೆ ಸೊನ್ನೆ ಅಂಕ

ಪ್ರಶ್ನೆಪತ್ರಿಕೆ ತಯಾರಿಸುವವರಿಗೆ ಒಂದು ಬಗೆಯ ಸೊಕ್ಕು ತಾನಾಗಿ ಬಂದುಬಿಡುತ್ತದೆ. ಉತ್ತರ ಗೊತ್ತಿದೆ ಎನ್ನುವುದರಿಂದ ಬರುವ ಸೊಕ್ಕಲ್ಲ ಅದು. ಉತ್ತರ ಬರೆಯುವ ಸರದಿ ಎಂದಿಗೂ ತಮ್ಮದಲ್ಲ ಎನ್ನುವ ಧೈರ್ಯದಿಂದ ಬರುವಂಥದ್ದು. ನಾನು ನಮ್ಮ ಜಿಲ್ಲೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಔಷಧಶಾಸ್ತ್ರ ಪಾಠ ಮಾಡುವವನು. ಯಾವ ಮಾತ್ರೆ ಹೊಟ್ಟೆಯೊಳಗೆ ಹೋಗಿ ಏನು ಮಾಡುತ್ತದೆ, ಏನು ಮಾಡಬಾರದಿತ್ತು, ಮಾಡಿಬಿಟ್ಟರೆ ನಾವೇನು ಮಾಡಬೇಕು ಎಂಬುದನ್ನು ಮಕ್ಕಳಿಗೆ ವರ್ಷವಿಡೀ ಹೇಳಿ, ಕೊನೆಯಲ್ಲಿ ಅವರು ಅದನ್ನು ಎಷ್ಟು ಚೆನ್ನಾಗಿ ಮರೆತಿದ್ದಾರೆಂದು ಓದಿ ಅಂಕ ಕೊಡುವುದು ನನ್ನ ಕೆಲಸ. ಮಾಡಿ ಮಾಡಿ, ಎದುರಿಗೆ ಬಂದವರಿಗೆಲ್ಲ ಮನಸ್ಸಿನಲ್ಲೇ ಅಂಕ ಹಾಕುವ ಚಟ ಹತ್ತಿದೆ. ಚಿಲ್ಲರೆ ಕೊಡದ ಕಂಡಕ್ಟರಿಗೆ ನಾಲ್ಕು, ಮನೆಗೆ ಬಂದು ಬೇಗ ಎದ್ದು ಹೋಗುವ ನೆಂಟರಿಗೆ ಒಂಬತ್ತು, ಹೆಂಡತಿಯ ಸಾರಿಗೆ ಏಳೂವರೆ. ಬಾಯಿಬಿಟ್ಟು ಹೇಳುವಾಗ ಮಾತ್ರ ಆ ಏಳೂವರೆ ಹತ್ತಾಗುತ್ತದೆ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡುತ್ತೇನೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ನಡೆದದ್ದನ್ನು ಅದು ನನ್ನ ಕಡೆಗೆ ಸ್ವಲ್ಪ ಬಾಗಿಸಿ ಇಟ್ಟುಕೊಳ್ಳುತ್ತದೆ ಎಂಬುದು ಬಹಳ ಹಿಂದೆಯೇ ಗೊತ್ತಾಗಿ ಡೈರಿ ಬರೆಯಲು ಶುರುಮಾಡಿದೆ. ಆದರೆ ಡೈರಿ ಬರೆಯುವವನೂ ನಾನೇ ಅಲ್ಲವೇ? ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಆದ್ದರಿಂದ ಮುಂದೆ ಹೇಳುವುದರಲ್ಲಿ ನಾನು ಎಲ್ಲಿ ತೀರ ಜಾಣನಂತೆ ಕಾಣುತ್ತೇನೋ ಅಲ್ಲಿ ಓದುಗರು ಸ್ವಲ್ಪ ಕಳೆದುಕೊಂಡು ಓದಬೇಕು. ಎಲ್ಲಿ ದಡ್ಡನಂತೆ ಕಾಣುತ್ತೇನೋ ಅಲ್ಲಿ ನನ್ನ ಹೆಂಡತಿ ಸುಜಾತಳ ಸಾಕ್ಷ್ಯ ಇದೆಯೆಂದು ತಿಳಿಯಬೇಕು. ಅವಳು ಕೆರಗೋಡಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಉತ್ತರ ಸರಿಯಿದ್ದರೂ ಮಧ್ಯದ ಹೆಜ್ಜೆ ಬರೆಯದವರಿಗೆ ಅಂಕ ಕೊಡದ ಜಾತಿ.

ಈಚೆಗೆ ನನಗೆ ಮನುಷ್ಯನಲ್ಲದ ಒಬ್ಬ ವಿದ್ಯಾರ್ಥಿ ಸಿಕ್ಕಿದ. ಕೇಳಿದ್ದಕ್ಕೆಲ್ಲ ಪುಟಗಟ್ಟಲೆ ಉತ್ತರ ಕೊಡುವ ಈ ಎಐ ಯಂತ್ರಗಳಿಗೆ ಔಷಧದ ವಿಷಯ ನಿಜವಾಗಿ ಎಷ್ಟು ಗೊತ್ತು, ಗೊತ್ತಿರುವುದನ್ನು ಕಾಯಿಲೆಯವರ ಮುಂದೆ ನಿಂತು ಬಳಸಲು ಬರುತ್ತದೆಯೇ ಎಂದು ಪರೀಕ್ಷೆ ಮಾಡುವ ಒಂದು ಕಂಪನಿಗೆ ಕನ್ನಡದಲ್ಲಿ ಪ್ರಶ್ನೆ ಬರೆಯುವವರು ಬೇಕಾಗಿದ್ದರು. ನಾನು ಒಬ್ಬ ರೋಗಿಯನ್ನು ಕಲ್ಪಿಸಿ ಬರೆಯಬೇಕು. ಸರಿಯಾದ ಉತ್ತರದಲ್ಲಿ ಏನೇನು ಇರಲೇಬೇಕೆಂದು ಬರೆದಿಡಬೇಕು. ಯಂತ್ರದ ಉತ್ತರ ಓದಿ ಅಂಕ ಹಾಕಬೇಕು. ಇದನ್ನೆಲ್ಲ ನೋಡಿಕೊಳ್ಳುವವಳು ಅನಘಾ ಎಂಬ ಹುಡುಗಿ. ಮುಖ ನೋಡಿಲ್ಲ, ಧ್ವನಿ ಮಾತ್ರ ಗೊತ್ತು. ಅವಳ ಪ್ರತಿ ವಾಕ್ಯವೂ "ಸೂಪರ್ ಸರ್, ಆದರೆ" ಎಂದೇ ಶುರುವಾಗುತ್ತದೆ. ಆ 'ಸೂಪರ್' ಎಷ್ಟು ಉದ್ದವೋ ಮುಂದೆ ಬರುವ 'ಆದರೆ' ಅಷ್ಟು ದೊಡ್ಡದು.

ಮೊದಮೊದಲು ನಾನು ಪುಸ್ತಕದಿಂದಲೇ ಪ್ರಶ್ನೆ ತೆಗೆದೆ. ಯಂತ್ರ ಎಲ್ಲಕ್ಕೂ ಸರಿಯುತ್ತರ ಕೊಟ್ಟಿತು. ಈ ಮಾತ್ರೆಯ ಜೊತೆ ಆ ಮಾತ್ರೆ ಬೇಡ, ಕಿಡ್ನಿ ಸರಿಯಿಲ್ಲದವರಿಗೆ ಇಷ್ಟೇ ಕೊಡಿ, ಬಸುರಿಯರಿಗೆ ಇದನ್ನು ತೋರಿಸಲೂ ಬೇಡಿ, ಎಲ್ಲ ಸರಿ. ಒಬ್ಬ ವಿದ್ಯಾರ್ಥಿ ಹೀಗೆ ಬರೆದಿದ್ದರೆ ನಾನು ಎದ್ದು ಹೋಗಿ ಕೈಕುಲುಕುತ್ತಿದ್ದೆ. ಯಂತ್ರ ಬರೆದದ್ದಕ್ಕೆ ಮಾತ್ರ ಮೈಯುರಿಯಿತು. ನನ್ನ ಮಕ್ಕಳೋ, ಅಡ್ಡಪರಿಣಾಮಗಳೇನು ಎಂದು ಯಾವ ಔಷಧದ ಬಗ್ಗೆ ಕೇಳಿದರೂ "ತಲೆನೋವು, ವಾಂತಿ, ಸುಸ್ತು" ಎಂದು ಬರೆಯುತ್ತಾರೆ. ಯಾವ ಔಷಧಕ್ಕೂ ಅದು ಪೂರ್ತಿ ತಪ್ಪಲ್ಲವಾದ್ದರಿಂದ ನಾನೂ ಅರ್ಧ ಅಂಕ ಕೊಡುತ್ತೇನೆ. ಆ ಅರ್ಧ ಅಂಕಗಳಲ್ಲೇ ಎಷ್ಟೋ ಜನ ಪಾಸಾಗಿ, ಮದುವೆಯಾಗಿ, ಅಂಗಡಿ ಇಟ್ಟು, ನನ್ನನ್ನು ಕಂಡಾಗ ಗಾಡಿ ನಿಲ್ಲಿಸಿ ನಮಸ್ಕಾರ ಮಾಡುತ್ತಾರೆ. ಈ ಯಂತ್ರ ನಿಲ್ಲಿಸಿ ನಮಸ್ಕಾರ ಮಾಡುತ್ತದೆಯೇ?

ಸರಿ, ಇದಕ್ಕೆ ನಮ್ಮ ಕಡೆಯ ರೋಗಿಗಳೇ ಮದ್ದು ಎಂದುಕೊಂಡು ಮದ್ದೂರಿನಲ್ಲಿ ಗೆಳೆಯನೊಬ್ಬನ ಮೆಡಿಕಲ್ ಸ್ಟೋರಿನಲ್ಲಿ ಕೆಲವು ಸಂಜೆ ಕೂತೆ. ಅಲ್ಲಿಗೆ ಬರುವವರಾರೂ ಮಾತ್ರೆಯ ಹೆಸರು ಹೇಳುವುದಿಲ್ಲ. "ಆವತ್ತು ಕೊಟ್ಟಿದ್ರಲ್ಲಣ್ಣ, ಬಾಯಿಗಾಕಿದ್ರೆ ಕಯ್ಯಂತಿತ್ತು, ಅದು ಕೊಡಿ." "ನಮ್ಮೆಜಮಾನ್ರ ಬಿಪಿ ಮಾತ್ರೆ ಮುಗ್ದೋಗದೆ. ಪಕ್ಕದ ಮನೆಯೋರ್ದು ಗುಲಾಬಿ ಬಣ್ಣದ್ದು ಅದೆ, ನುಂಗುದ್ರೆ ಏನಾದ್ರೂ ಆದದಾ?" ಇವನ್ನೆಲ್ಲ ಹಾಗೆಹಾಗೆಯೇ ಬರೆದು ಯಂತ್ರದ ಮುಂದಿಟ್ಟೆ. ಅದು ಬಗ್ಗಲಿಲ್ಲ. "ತಾವು ನೆರೆಮನೆಯವರ ಔಷಧಿಯನ್ನು ಸೇವಿಸದಿರುವುದು ಸೂಕ್ತ" ಎಂದು, ತಾಮ್ರಪಟ ಓದುವ ಗತ್ತಿನಲ್ಲಿ ಉತ್ತರಿಸಿತು. ಗತ್ತು ಏನೇ ಇರಲಿ, ಉತ್ತರ ಸರಿ. ನಾನು ಹಲ್ಲು ಕಚ್ಚಿಕೊಂಡು ಪೂರ್ತಿ ಅಂಕ ಹಾಕಿದೆ.

ಆಗ ನೆನಪಾದದ್ದು ನನ್ನ ಸೋದರತ್ತೆ. ಪುಟ್ಟತಾಯಮ್ಮ ಎಂದು ಹೆಸರು, ಕೊಪ್ಪದಲ್ಲಿ ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಾ ಇಡೀ ಬೀದಿಯ ಯಜಮಾನಿಕೆ ಮಾಡುತ್ತಿರುವವಳು. ಅತ್ತೆಗೆ ಸಕ್ಕರೆ ಕಾಯಿಲೆ. ನನಗೂ ಇದೆ, ಅದು ನಮ್ಮ ಮನೆತನದಲ್ಲಿ ಜಮೀನಿಗಿಂತ ಸಮನಾಗಿ ಪಾಲಾಗಿರುವ ಆಸ್ತಿ. ಇಬ್ಬರಿಗೂ ಡಾಕ್ಟರು ಬರೆದಿರುವುದು ಒಂದೇ ಬಗೆಯ ಮಾತ್ರೆ, ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗುವಂಥದ್ದು. ಹೋದ ವರ್ಷ ಮದುವೆಯಾದ ಮೇಲಿನ ಒಂದು ಬೀಗರೂಟದಲ್ಲಿ ಅತ್ತೆ ಇದ್ದಕ್ಕಿದ್ದಂತೆ ಬೆವೆತು, ಕೈಕಾಲು ನಡುಗಿ, ಕೂತಲ್ಲೇ ವಾಲಿದಳು. ಎಲ್ಲರೂ ಬಿಸಿಲು ಬಿಸಿಲು ಎಂದು ಗಾಳಿ ಹಾಕಿದರು. ಕಾರಣ ಬಿಸಿಲಲ್ಲ. ಕಾರ್ಡಿನಲ್ಲಿ ಊಟ ಹನ್ನೆರಡಕ್ಕೆ ಎಂದಿತ್ತು, ಅತ್ತೆ ಹನ್ನೊಂದೂವರೆಗೆ ಸರಿಯಾಗಿ ಮಾತ್ರೆ ನುಂಗಿದ್ದಳು, ಎಲೆ ಸಿಗುವಾಗ ಮೂರು ಗಂಟೆಯಾಗುತ್ತಿತ್ತು. ಮಾತ್ರೆ ರಕ್ತದ ಸಕ್ಕರೆ ಇಳಿಸುವ ತನ್ನ ಕೆಲಸ ಮಾಡಿತ್ತು, ಅಡುಗೆಯವರು ಮಾಡಿರಲಿಲ್ಲ. ಆಗ ಅದನ್ನು ಥಟ್ಟನೆ ಗುರುತಿಸಿ ಬಾಯಿಗೆ ಸಕ್ಕರೆ ಹಾಕಿಸಿದವನು ನಾನು ಎಂದು ನನ್ನ ನೆನಪು. ಪಾಯಸದ ಲೋಟವನ್ನು ತಾನೇ ಕಿತ್ತುಕೊಂಡು ಕುಡಿದೆ ಎಂದು ಅತ್ತೆಯ ನೆನಪು. ಡೈರಿ ತೆಗೆದು ನೋಡಿದರೆ ಆ ದಿನದ ಪುಟದಲ್ಲಿ ಇಷ್ಟೇ ಇದೆ: "ಅತ್ತೆಗೆ ಸುಸ್ತು. ಬೋಟಿ ಗೊಜ್ಜು ಚೆನ್ನಾಗಿತ್ತು."

ಇದನ್ನೇ ಪ್ರಶ್ನೆ ಮಾಡಿದೆ. ಹಳ್ಳಿಯ ಹೆಂಗಸು, ಅರವತ್ತೆಂಟು ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಬೀಗರೂಟಕ್ಕೆ ಬಂದಿದ್ದಾರೆ, ಮಧ್ಯಾಹ್ನ ಎರಡೂವರೆ, ಬೆವರು, ನಡುಕ, ಏನು ಮಾಡಲಿ? ಸರಿಯುತ್ತರದ ಜಾಗದಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: "ಮೊದಲು 'ಊಟ ಆಯ್ತಾ?' ಎಂದು ಕೇಳಬೇಕು. ಕೇಳದಿದ್ದರೆ ಸೊನ್ನೆ." ಯಂತ್ರ ಏನು ಮಾಡಿತು ಗೊತ್ತೇ? ಬಿಸಿಲ ಬೇಗೆ ಎಂದಿತು, ನೀರಿನಂಶ ಕಡಿಮೆ ಎಂದಿತು, ರಕ್ತದೊತ್ತಡ ಎಂದಿತು, ಹೃದಯವನ್ನೂ ಬಿಡಲಿಲ್ಲ. ರಕ್ತದಲ್ಲಿ ಸಕ್ಕರೆ ಇಳಿದಿರಬಹುದು ಎಂಬುದು ಎಲ್ಲೋ ಕೊನೆಯಲ್ಲಿ, ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ ಹಾಗೆ ಕೂತಿತ್ತು. ಊಟದ ಮಾತೇ ಇಲ್ಲ! ನಮ್ಮ ಮಂಡ್ಯದ ಕಡೆ ದಾರಿಯಲ್ಲಿ ಹೋಗುವ ಗುರುತಿಲ್ಲದವನೂ ಮೊದಲು ಕೇಳುವ ಮಾತು 'ಊಟ ಆಯ್ತಾ'. ಅಷ್ಟು ಕೇಳಲು ಬಾರದ ಯಂತ್ರಕ್ಕೆ ಕಾಯಿಲೆಯವರ ಪಕ್ಕದಲ್ಲಿ ಏನು ಕೆಲಸ? ಬಹಳ ದಿನಗಳ ನಂತರ ನಿಜವಾದ ಸಂತೋಷದಿಂದ ಸೊನ್ನೆ ಸುತ್ತಿದೆ.

ಮಾರನೆಯ ದಿನ ಅನಘಾ ಫೋನು ಮಾಡಿದಳು. "ಸೂಪರ್ ಸರ್, ಆದರೆ ನಮ್ಮ ತಜ್ಞರು ಈ ಪ್ರಶ್ನೆ ಬೇಡ ಅಂತಿದ್ದಾರೆ. ನಂಬೋ ಹಾಗಿಲ್ಲ ಅಂತೆ."

"ಯಾವುದು ನಂಬೋ ಹಾಗಿಲ್ಲ?"

"ಅವರು ಇರೋದೇ ಊಟದ ಜಾಗದಲ್ಲಿ ಅಲ್ವಾ ಸರ್? ಅಲ್ಲಿಗೆ ಬಂದಿರೋದೇ ಊಟಕ್ಕೆ. ಅಲ್ಲಿ ಯಾರಾದರೂ ಹಸ್ಕೊಂಡು ಯಾಕೆ ಇರ್ತಾರೆ?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಪಾಪ, ಆ ಹುಡುಗಿ ಮಳವಳ್ಳಿಯ ಕಡೆಯ ಬೀಗರೂಟದಲ್ಲಿ ಉಣ್ಣುತ್ತಿರುವವರ ಕುರ್ಚಿ ಹಿಡಿದುಕೊಂಡು ಹಿಂದೆ ನಿಂತವಳಲ್ಲ. "ಈ ಪ್ರಶ್ನೆ ತೆಗೆಯೋದಕ್ಕೆ ನಾನು ಒಪ್ಪಲ್ಲ" ಎಂದೆ. "ಹಾಗಾದ್ರೆ ಇಂಥದ್ದು ನಡೆಯುತ್ತೆ ಅನ್ನೋದಕ್ಕೆ ಏನಾದರೂ ಆಧಾರ ಕಳಿಸಿ ಸರ್" ಎಂದಳು. ನನಗೆ ಸಿಟ್ಟು ಬರಲು ಇನ್ನೊಂದು ಕಾರಣವಿತ್ತು. ಅತ್ತೆ ಈಗಾಗಲೇ ಇಂಥದೇ ಒಂದು ಯಂತ್ರದ ಭಕ್ತೆಯಾಗಿದ್ದಾಳೆ. ಫೋನನ್ನು ಬಾಯಿಯ ಹತ್ತಿರ ಹಿಡಿದು, ಬಾವಿಯೊಳಗೆ ಬಿದ್ದವರನ್ನು ಕೂಗುವ ಹಾಗೆ ಕೂಗುತ್ತಾಳೆ: "ಅವ್ವಾ, ಮಂಡಿನೋವ್ಗೆ ಏನಾಕ್ಬೇಕವ್ವಾ?" ಅದು ಸಾವಧಾನವಾಗಿ ಉತ್ತರ ಕೊಡುತ್ತದೆ. "ಡಾಕುಟ್ರಿಗಿಂತ ಇದೇ ವಾಸಿ ಕಣ್ಲಾ, ಬೈಯಾಕಿಲ್ಲ" ಎನ್ನುತ್ತಾಳೆ. ನಾಳೆ ಇನ್ನೊಂದು ಬೀಗರೂಟದಲ್ಲಿ ಬೆವೆತು ಕೂತಾಗ ಅತ್ತೆ ಕೇಳುವುದು ನನ್ನನ್ನಲ್ಲ, ಅದನ್ನು. ಅದು ಬಿಸಿಲು ಎಂದರೆ ನೆರಳಿಗೆ ಹೋಗಿ ಕೂರುತ್ತಾಳೆ. ಕೂತವಳು ಏಳದಿದ್ದರೆ? ನನ್ನ ಪ್ರಶ್ನೆ ಪರೀಕ್ಷೆಯಲ್ಲಿ ಉಳಿಯಲೇಬೇಕು. ಯಂತ್ರ ಅದರಲ್ಲಿ ಫೇಲಾಗಬೇಕು, ಫೇಲಾಗಿ ಕಲಿಯಬೇಕು. ತಜ್ಞರು ಯಾರಾದರೂ ಆಗಿರಲಿ, ನಾನು ಬಿಡುವುದಿಲ್ಲ ಎಂದು ನಿರ್ಧರಿಸಿದೆ.

ಆಧಾರ ತಾನೇ? ಸುಜಾತಳ ಸೋದರಮಾವನ ಮಗಳ ಬೀಗರೂಟ ಅದೇ ವಾರ ಮಳವಳ್ಳಿಯ ಹೊರಗೆ ಒಂದು ಶಾಮಿಯಾನದಲ್ಲಿತ್ತು. ನೋಡಿ, ಲೆಕ್ಕ ಹಾಕಿ, ಮೊಬೈಲಿನಲ್ಲಿ ಫೋಟೊ ಹಿಡಿದು ತಜ್ಞರ ಮುಖಕ್ಕೆ ಹಿಡಿಯುತ್ತೇನೆಂದು ಹೊರಟೆ. ಹಿಂದಿನ ದಿನವೇ ಅತ್ತೆಗೆ ಫೋನು ಮಾಡಿ ಪಾಠ ಹೇಳಿದೆ. "ಅತ್ತೆ, ಬೆಳಗ್ಗೆ ಮಾತ್ರೆ ನುಂಗ್ಬೇಡ. ಸೆರಗಿನ ತುದೀಲಿ ಕಟ್ಕೊಂಡು ಬಾ. ಎಲೆ ಹಾಕಿ, ಎಲೆ ಮೇಲೆ ಉಪ್ಪು ಬಿದ್ದ ಮೇಲೆ ನುಂಗು."

"ಉಪ್ಪು ಬಿದ್ಮೇಲೆ. ಆಯ್ತು ಬುಡು. ಏನ್ ದೊಡ್ಡ ಇದ್ಯೆ ಏಳ್ದಂಗೆ ಏಳ್ತಾನೆ" ಎಂದಳು.

ಬೆಳಗ್ಗೆ ನಾನು ಎದ್ದೆ. ಸ್ನಾನ ಮಾಡಿದೆ. ದಿನವೂ ಮಾಡುವ ಹಾಗೆ ನನ್ನ ಮಾತ್ರೆ ನುಂಗಿ ನೀರು ಕುಡಿದೆ. ಸುಜಾತ ತಟ್ಟೆಯಲ್ಲಿ ಇಡ್ಲಿ ಇಟ್ಟಳು. "ರೀ, ಎರಡು ತಿನ್ಕೊಂಡು ಹೊರಡಿ."

ಈಗ ಒಂದು ಮಾತು ವಿವರಿಸಬೇಕು. ನಮ್ಮ ಕಡೆ ಬೀಗರೂಟಕ್ಕೆ ಹೋಗುವ ದಿನ ಬೆಳಗ್ಗೆ ತಿಂಡಿ ತಿನ್ನುವುದು ಶಾಸ್ತ್ರಕ್ಕೆ ವಿರುದ್ಧವಲ್ಲದಿದ್ದರೂ ಮಟನ್ನಿಗೆ ವಿರುದ್ಧ. ಮದುವೆಗೆ ತಡವಾಗಿ ಹೋಗಬಹುದು, ಉಡುಗೊರೆ ಮರೆಯಬಹುದು. ಆದರೆ ಬೀಗರ ಮನೆಯ ಮಟನ್ ಸಾರಿನ ಮುಂದೆ ಇಡ್ಲಿ ತುಂಬಿದ ಹೊಟ್ಟೆ ಇಟ್ಟುಕೊಂಡು ಕೂರುವುದು ಮರ್ಯಾದಸ್ಥರ ಲಕ್ಷಣವಲ್ಲ. "ಬೇಡ, ಜಾಗ ಇರಲಿ" ಎಂದೆ. ನನ್ನ ಕೈಯಾರೆ ನುಂಗಿದ ಮಾತ್ರೆ ಆಗ ಎಲ್ಲಿತ್ತು, ನನ್ನ ಓದು ಆಗ ಎಲ್ಲಿತ್ತು ಎಂದು ಕೇಳಬೇಡಿ. ಎರಡೂ ಒಳಗೇ ಇದ್ದವು, ಒಂದಕ್ಕೊಂದು ಭೇಟಿಯಾಗಿರಲಿಲ್ಲ. ಮಾತ್ರೆ ಕೈಗೆ ಸೇರಿದ್ದು, ದಿನವೂ ನುಂಗುವುದರಿಂದ. ಓದು ಬಾಯಿಗೆ ಸೇರಿದ್ದು, ಇನ್ನೊಬ್ಬರಿಗೆ ಹೇಳುವುದರಿಂದ.

ಮಂಡ್ಯದಿಂದ ಕೊಪ್ಪಕ್ಕೆ ಹೋಗಿ ಅತ್ತೆಯನ್ನು ಕಾರಿಗೆ ಹತ್ತಿಸಿಕೊಂಡು, ಮದ್ದೂರಿನ ಮೇಲೆ ಮಳವಳ್ಳಿಗೆ ಹೊರಟೆವು. ಮದ್ದೂರಿನಲ್ಲಿ ಸುಜಾತ ವಡೆ ಕಟ್ಟಿಸಿಕೊಂಡಳು. ಅವಳೂ ಅತ್ತೆಯೂ ಹಿಂದಿನ ಸೀಟಿನಲ್ಲಿ ಕರುಮ್ ಕರುಮ್ ಎನ್ನುತ್ತಿದ್ದರೆ ನಾನು ಮುಂದೆ ಕೂತು, ಮಾತ್ರೆಗೂ ಊಟಕ್ಕೂ ಇರುವ ಸಂಬಂಧದ ಬಗ್ಗೆ ಅವರಿಗೆ ಪಾಠ ಹೇಳುತ್ತ ಗಾಡಿ ಓಡಿಸಿದೆ. "ನೀವೂ ಒಂದು ತಗೊಳ್ಳಿ" ಎಂದು ಸುಜಾತ ವಡೆ ಚಾಚಿದಳು. "ಮೂರು ಗಂಟೆವರೆಗೂ ಊಟ ಸಿಗದೆ ಇರೋ ರೋಗಿಯ ಬಗ್ಗೆ ಮಾತಾಡ್ತಾ ಇದೀನಿ, ವಡೆ ಅಂತೀಯಲ್ಲ" ಎಂದು ರೇಗಿದೆ. ಭಾರತೀನಗರದಲ್ಲಿ ಕಾರ್ಖಾನೆಗೆ ಕಬ್ಬು ಹೊತ್ತ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ನಿಂತಿದ್ದವು. ಅವುಗಳ ಹಿಂದೆ ತೆವಳುತ್ತ ಮಳವಳ್ಳಿ ಸೇರುವಾಗ ಒಂದು ಗಂಟೆಯಾಗಿತ್ತು.

ಶಾಮಿಯಾನದೊಳಗೆ ನನ್ನ ಪ್ರಶ್ನೆ ಜೀವಂತವಾಗಿ ಓಡಾಡುತ್ತಿತ್ತು. ಉಣ್ಣುತ್ತಿರುವ ಪ್ರತಿಯೊಬ್ಬರ ಕುರ್ಚಿಯ ಹಿಂದೆ ಒಬ್ಬರು, ಅವರ ಹಿಂದೆ ಇನ್ನೊಬ್ಬರು. ಉಣ್ಣುವವನ ಬೆನ್ನಿಗೆ ಎರಡು ಹೊಟ್ಟೆಗಳು. ಕೂತವರು ಮಜ್ಜಿಗೆಗೆ ಬಂದರೇ, ಬಾಳೆಹಣ್ಣು ಸುಲಿಯುತ್ತಿದ್ದಾರೆಯೇ ಎಂದು ನೋಡಿಕೊಂಡು ನಿಂತಿರುವುದು. ಬಹಳ ಖುಷಿಯಾಗಿ ಫೋಟೊ ಹಿಡಿದೆ. ಅತ್ತೆ, ಸುಜಾತ ಹೆಂಗಸರ ಕಡೆ ಕುರ್ಚಿ ಹಿಡಿಯಲು ಹೋದರು. ನಾನು ಒಬ್ಬ ದಪ್ಪ ಮೀಸೆಯ ಯಜಮಾನರ ಹಿಂದೆ ನಿಂತೆ. ಅವರು ಆಗಲೇ ಅನ್ನಕ್ಕೆ ಬಂದಿದ್ದರಿಂದ ಒಳ್ಳೆಯ ಜಾಗ ಎಂದುಕೊಂಡೆ. ಆದರೆ ಅವರು ಅನ್ನದಿಂದ ವಾಪಸ್ಸು ಮುದ್ದೆಗೆ ಹೋದರು. ಇಂಥದ್ದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ.

ಆಮೇಲಿನದು ನನ್ನ ನೆನಪಿನಲ್ಲಿ ಹರಿದ ಹಾಗಿದೆ. ಇದ್ದಷ್ಟು ಹೇಳುತ್ತೇನೆ. ಆ ಮುದ್ದೆಯ ಬಗ್ಗೆ ನನಗೆ ಅಪಾರ ಕೋಪ ಬಂತು. ಅದು ಹಸಿವಿನ ಸಿಟ್ಟಲ್ಲ, ನ್ಯಾಯದ ಸಿಟ್ಟು ಎಂದೇ ಅನ್ನಿಸಿತು. ಎದೆ ಹೊಡೆದುಕೊಳ್ಳುತ್ತಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಅನ್ಯಾಯ ಕಂಡಾಗ ಸೂಕ್ಷ್ಮ ಮನಸ್ಸಿನವರಿಗೆ ಹಾಗೆ ಆಗುವುದು ಸಹಜ ಎಂದುಕೊಂಡೆ. "ಸ್ವಾಮಿ, ಇದು ಎಷ್ಟನೇ ಮುದ್ದೆ? ಹಿಂದೆ ನಿಂತಿರೋರು ಮನುಷ್ಯರಲ್ವಾ?" ಎಂದೆ.

ಯಜಮಾನರು ಮೂಳೆ ಬಾಯಿಂದ ತೆಗೆಯದೆಯೇ ತಿರುಗಿದರು. "ನಿಮ್ಮಪ್ಪನ ಮನೇದು ತಿಂತಾ ಇದ್ದೀನೇನಯ್ಯಾ? ಬೀಗ್ರ ಮನೇದು. ನಾಲ್ಕು ತಿಂತೀನಿ, ಯಾವನು ಕೇಳೋನು?"

"ನಾನು ಕೇಳೋನು!" ಎಂದು ಕೂಗಿದೆನಂತೆ. ಕೂಗಿ, ಅವರ ಕುರ್ಚಿಯನ್ನು ಎಳೆಯಲು ಹೋಗಿ, ಕುರ್ಚಿ ಕದಲದೆ ನಾನೇ ನೆಲಕ್ಕೆ ಕೂತೆನಂತೆ. ಜನ ಸೇರಿದರು. ಒಬ್ಬರು ಈರುಳ್ಳಿ ಮೂಸಿಸಿದರು. ಒಬ್ಬರು ಬಿಪಿ ಎಂದರು. ಒಬ್ಬರು ಫಿಟ್ಸ್ ಎಂದು ಕೈಗೆ ಬೀಗದ ಕೈ ಕೊಟ್ಟರು. ಮೀಸೆಯ ಯಜಮಾನರು ಎದ್ದು ಬಂದು, "ಕುಡ್ದವ್ನೆ ಕಣ್ರಲಾ, ಬೀಗ್ರೂಟಕ್ಕೆ ಇಷ್ಟೊತ್ಗೇ ಕುಡ್ಕೊಂಡ್ ಬರೋದಾ?" ಎಂದು ತೀರ್ಪು ಕೊಟ್ಟರು. ಅಷ್ಟು ಜನರಲ್ಲಿ, ಇಡೀ ಜಿಲ್ಲೆಯಲ್ಲಿ ಗುರುತಿಲ್ಲದವರೂ ಕೇಳುವ ಆ ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಎಲ್ಲಿ ಹೋದರೂ 'ಊಟ ಆಯ್ತಾ' ಎನ್ನುವ ನಮ್ಮ ಜನ ಊಟದ ಮನೆಯಲ್ಲಿ ಮಾತ್ರ ಅದನ್ನು ಕೇಳುವುದಿಲ್ಲ ಎಂಬುದು ನನ್ನ ಪ್ರಶ್ನೆಯಲ್ಲಿ ಸೇರದೆ ಹೋದ ಅಂಶ.

ಸುಜಾತ ಓಡಿ ಬಂದಳು. ಫೋನು ತೆಗೆದು, ನಾನು ಅಂಕ ಹಾಕುತ್ತಿದ್ದಂಥದೇ ಒಂದು ಯಂತ್ರಕ್ಕೆ ನನ್ನ ಸ್ಥಿತಿ ಹೇಳಿ, ಉತ್ತರವನ್ನು ಗಟ್ಟಿಯಾಗಿ ಓದತೊಡಗಿದಳು. "ಗಾಬರಿಯಾಗಬೇಡಿ. ರೋಗಿಯನ್ನು ನೆರಳಿನಲ್ಲಿ ಕೂರಿಸಿ. ಅವರಿಗೆ..."

ಅಷ್ಟು ಕೇಳಿದ್ದೇ ನನ್ನೊಳಗಿನ ಪರೀಕ್ಷಕ ಎದ್ದು ಕೂತ. ಮೈಯಲ್ಲಿ ಉಳಿದದ್ದು ಅವನೊಬ್ಬನೇ. "ಸೊನ್ನೆ!" ಎಂದೆ. "ನೆರಳಂತೆ ನೆರಳು! ಮೊದ್ಲು ಊಟ ಆಯ್ತಾ ಅಂತ ಕೇಳ್ಬೇಕು. ಕೇಳಿಲ್ಲ. ಸೊನ್ನೆ ಹಾಕು!"

ಸುಜಾತ ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಬಿಟ್ಟುಹೋದ ಮಧ್ಯದ ಹೆಜ್ಜೆ ಅವಳಿಗೆ ಸಿಕ್ಕಿರಬೇಕು. "ನಿಮಗೆ ಊಟ ಆಯ್ತಾ?" ಎಂದಳು.

ಪರೀಕ್ಷಕರನ್ನು ಪ್ರಶ್ನೆ ಕೇಳುವ ಪದ್ಧತಿ ಇಲ್ಲ. "ಬೆಳಗ್ಗೆ ಮಾತ್ರೆ ನುಂಗಿದ್ರಾ?" ಎಂದಳು. ಉತ್ತರಕ್ಕೆ ಕಾಯದೆ ಎದ್ದು ಕಾಫಿ ಕಾಯಿಸುತ್ತಿದ್ದವನ ಕಡೆ ಓಡಿದಳು. ಬಂದು ನನ್ನ ಬಾಯಿಗೆ ಒಂದು ಹಿಡಿ ಸಕ್ಕರೆ ತುರುಕಿದಳು. ನಾನು ಉಗುಳಲು ನೋಡಿದೆನಂತೆ, ಅವಳು ಗದರಿ ನುಂಗಿಸಿದಳಂತೆ. ಸುತ್ತ ಕಬ್ಬು, ದಾರಿಯಲ್ಲೇ ಕಾರ್ಖಾನೆ, ನಾಡಿಗೇ ಸಕ್ಕರೆಯ ಹೆಸರು. ಅಲ್ಲಿ ನೆಲದ ಮೇಲೆ ಕೂತು ಸಕ್ಕರೆ ಸಾಲದೆ ನಡುಗುತ್ತಿದ್ದವನು ನಾನು. ಸ್ವಲ್ಪ ಹೊತ್ತಿಗೆ ಜನರ ಮುಖಗಳು ಒಂದೊಂದಾಗಿ ಸ್ಪಷ್ಟವಾದವು. ಮೊದಲು ಕಂಡದ್ದು ಅತ್ತೆಯ ಮುಖ. ಗಾಬರಿಯಿಂದ ಕಣ್ಣು ತುಂಬಿಕೊಂಡು, ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ನಾನು ಕಣ್ಣು ಬಿಟ್ಟದ್ದೇ ಅಳು ನುಂಗಿಕೊಂಡು ಬೈಯತೊಡಗಿದಳು.

"ಲೇ ಸಂಕ್ರ, ನಂಗೆ ಬ್ಯಾಡ ಅಂದ್ಬುಟ್ಟು ನೀನ್ ನುಂಗ್ಕೊಂಡ್ ಬಂದಿದ್ದೀಯಲ್ಲೋ! ಸತ್ಗಿತ್ತೋಗಿದ್ರೆ ಯಾರ್ಗ್ಲಾ ಏಳದು? ಇನ್ನೂ ಎಲೇನೇ ಆಕಿಲ್ಲ, ಉಪ್ಪೂ ಬಿದ್ದಿಲ್ಲ, ನಾನಿನ್ನೂ ನುಂಗಿಲ್ಲ ಕಣ್ಲಾ!"

ಮೀಸೆಯ ಯಜಮಾನರಿಗೆ ವಿಷಯ ತಿಳಿದು, ತಮ್ಮ ಕುರ್ಚಿಯನ್ನು ಒರೆಸಿ ನನ್ನನ್ನೇ ಕೂರಿಸಿದರು. "ಮೇಷ್ಟ್ರೇ, ಮೊದ್ಲೇ ಏಳ್ಬಾರ್ದಾ? ಮೂರನೇ ಮುದ್ದೆ ನಿಮ್ಗೇ ಕೊಟ್ಬುಡ್ತಿದ್ದೆ" ಎಂದು, ನಾನು ಉಂಡು ಮುಗಿಸುವವರೆಗೂ ಹಿಂದೆ ಕುರ್ಚಿ ಹಿಡಿದು ನಿಂತಿದ್ದರು. ನಾನು ಮುದ್ದೆ ಕೇಳಿದಾಗಲೆಲ್ಲ ಅವರು ಕೆಮ್ಮುತ್ತಿದ್ದರು.

ವಾಪಸ್ಸು ಬರುವಾಗ ಕಾರು ಓಡಿಸಿದವಳು ಸುಜಾತ. ಒಂದು ಮಾತಂತೂ ಸ್ಪಷ್ಟವಾಯಿತು ಎಂದು ಶುರುಮಾಡಿದೆ: ನೆಲದ ಮೇಲೆ ಬಿದ್ದ ಸ್ಥಿತಿಯಲ್ಲೂ ಕಾಯಿಲೆ ಕಂಡುಹಿಡಿದವನು ನಾನೇ, ಯಂತ್ರವಲ್ಲ. ಅವಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ನೀವು ಸೊನ್ನೆ ಅಂತ ಕೂಗಿದಾಗ ನಾನು 'ಅವರಿಗೆ' ಅನ್ನೋವರೆಗೆ ಓದಿದ್ದೆ. ಆಮೇಲೆ ಅದು ಏನು ಬರೆದಿತ್ತು ಗೊತ್ತಾ? 'ಅವರಿಗೆ ಸಕ್ಕರೆ ಕಾಯಿಲೆ ಇದೆಯೇ, ಕೊನೆಯದಾಗಿ ಆಹಾರ ಸೇವಿಸಿದ್ದು ಯಾವಾಗ?' ಅಂತ ಇತ್ತು."

"ಸುಳ್ಳು."

"ಫೋನು ಇಲ್ಲೇ ಇದೆ. ಎಲ್ಲ ಹಾಗೇ ಇರುತ್ತೆ. ತೆಗೆದು ನೋಡಿ."

ಹಿಂದಿನಿಂದ ಅತ್ತೆ, "ಆ ಅವ್ವ ಸರ್ಯಾಗೇ ಏಳಿರ್ತಾಳೆ ಬುಡು" ಎಂದಳು. ಫೋನು ನನ್ನ ಮೊಣಕೈಯ ಹತ್ತಿರವೇ ಇತ್ತು. ನೆನಪು ಮೋಸ ಮಾಡುತ್ತದೆಂದು ಡೈರಿ ಇಟ್ಟುಕೊಂಡಿರುವವನು, ಡೈರಿಯನ್ನೂ ನಂಬದವನು, ನಿಜ ಏನೆಂದು ಬೆರಳ ತುದಿಯಲ್ಲಿ ನೋಡುವ ಅವಕಾಶ ಸಿಕ್ಕಿದಾಗ ಏನು ಮಾಡಬೇಕು? ನೋಡಬೇಕು. ನಾನು ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡಿದೆ. ಇಂದಿಗೂ ಆ ಫೋನು ತೆಗೆದು ನೋಡಿಲ್ಲ, ನೋಡುವುದೂ ಇಲ್ಲ. ಅಂದು ಯಂತ್ರ ಒಂದು ವೇಳೆ ಸರಿಯಾಗಿ ಕೇಳಿದ್ದರೂ, ನನ್ನ ಪ್ರಶ್ನೆಗೆ ಅದು ಫೇಲಾದದ್ದು ಸುಳ್ಳಾಗುವುದಿಲ್ಲವಲ್ಲ. ಒಮ್ಮೆ ಸರಿ ಹೇಳಿ ಒಮ್ಮೆ ತಪ್ಪು ಹೇಳುವವರನ್ನು ಇನ್ನೂ ಜಾಸ್ತಿ ಪರೀಕ್ಷೆ ಮಾಡಬೇಕು.

ಮನೆಗೆ ಬಂದವನೇ ಪ್ರಶ್ನೆಯನ್ನು ಹೊಸದಾಗಿ ಬರೆದೆ. ಈ ಸಲ ಕಲ್ಪನೆಯಿಲ್ಲ, ಎಲ್ಲ ಕಣ್ಣಾರೆ ಕಂಡದ್ದು, ಮೈಯಾರೆ ಅನುಭವಿಸಿದ್ದು. ಕುರ್ಚಿ ಹಿಡಿದು ನಿಲ್ಲುವ ಪದ್ಧತಿ ವಿವರಿಸಿ ಫೋಟೊ ಲಗತ್ತಿಸಿದೆ. ರೋಗಿಯ ಜಾಗದಲ್ಲಿ ಹಳ್ಳಿಯ ಹೆಂಗಸನ್ನು ತೆಗೆದು, ನಿಜ ಇದ್ದದ್ದನ್ನೇ ಬರೆದೆ: ಗಂಡಸು, ಐವತ್ತಮೂರು ವರ್ಷ, ಔಷಧಶಾಸ್ತ್ರದ ಉಪನ್ಯಾಸಕ. ಲಕ್ಷಣಗಳಲ್ಲಿ "ತನ್ನ ಸಿಟ್ಟು ನ್ಯಾಯವಾದದ್ದು ಎಂಬ ದೃಢ ನಂಬಿಕೆ" ಎಂದೂ ಸೇರಿಸಿದೆ.

ಅನಘಾ ಫೋನು ಮಾಡಿದಳು. "ಸೂಪರ್ ಸರ್! ಕುರ್ಚಿ ವಿಷಯ ಎಲ್ಲರಿಗೂ ತುಂಬ ಇಷ್ಟ ಆಯ್ತು, ಒಪ್ಪಿಕೊಂಡಿದ್ದಾರೆ. ಆದರೆ..."

"ಮತ್ತೇನಮ್ಮಾ ಆದರೆ?"

"ರೋಗಿ ಮಾತ್ರ ನಂಬೋ ಹಾಗಿಲ್ಲ ಅಂತೆ ಸರ್. ಫಾರ್ಮಸಿ ಪಾಠ ಮಾಡೋರು ಮಾತ್ರೆ ನುಂಗಿ ತಿಂಡಿ ಬಿಡ್ತಾರಾ? ಓದು ಬರಹ ಇಲ್ಲದ ಹಳ್ಳಿ ಅಜ್ಜಿ ಅಂತ ಬದಲಾಯಿಸಿಬಿಡಿ ಸರ್, ಆಗ ಸಹಜವಾಗಿರುತ್ತೆ."

ನನಗೆ ಬಂದ ಸಿಟ್ಟಿಗೆ ಮಿತಿಯಿಲ್ಲ. "ಬದಲಾಯಿಸೋದಿಲ್ಲ" ಎಂದೆ. "ಹಳ್ಳಿ ಅಜ್ಜಿ ನಾನು ಹೇಳಿದ ಹಾಗೆ ಮಾತ್ರೆ ಸೆರಗಲ್ಲಿ ಕಟ್ಕೊಂಡು ಕಾಯ್ತಾ ಇದ್ದರು. ಬಿದ್ದೋನು ಉಪನ್ಯಾಸಕ. ನಿಮ್ಮ ಯಂತ್ರ ಅಜ್ಜಿನ ಮಾತ್ರ ಅನುಮಾನಿಸಿ, ಓದಿದೋನು ತಪ್ಪು ಮಾಡಲ್ಲ ಅಂದ್ಕೊಂಡ್ರೆ ಓದಿದೋರೆಲ್ಲ ಸಾಯ್ತಾರೆ. ಉಪನ್ಯಾಸಕನೇ ಇರ್ತಾನೆ." ಅವಳು ಸರ್ ಸರ್ ಎನ್ನುತ್ತಲೇ ಇದ್ದಳು. ಜೀವಮಾನವೆಲ್ಲ ಜಾಣನೆಂದು ತೋರಿಸಿಕೊಳ್ಳಲು ಹೆಣಗಿದವನು, ನನ್ನ ದಡ್ಡತನ ನಂಬಲರ್ಹವಾದದ್ದು ಎಂದು ವಾದಿಸುತ್ತ ನಡುಮನೆಯಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದೆ. ನನ್ನ ಮಾತಿಗೆ ಬೆಲೆ ಬರಲಿಲ್ಲ. ಕೊನೆಗೆ ಸುಜಾತ ಅಡುಗೆಮನೆಯಿಂದ ಬಂದು, "ಕೊಡಿ ಇಲ್ಲಿ" ಎಂದು ಫೋನು ಕಿತ್ತುಕೊಂಡಳು. "ನಾನು ಅವರ ಹೆಂಡತಿ. ನಂಬಬಹುದು ಕಣಮ್ಮ" ಎಂದು ಶುರುಮಾಡಿ, ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲಾಚೆಯಿಂದ ಬಹಳ ಹೊತ್ತು ಮಾತು ಕೇಳಿಸಿತು. ನಡುನಡುವೆ "ಇದಕ್ಕಿಂತ ಹಿಂದೆ ಇನ್ನೊಂದು ಸಲ" ಎಂಬುದೂ, ಅವಳ ನಗುವೂ ಕೇಳಿಸಿತು.

ಪ್ರಶ್ನೆ ಉಳಿಯಿತು. ಬೀಗರೂಟ, ಕುರ್ಚಿ, ಉಪನ್ಯಾಸಕ, ನ್ಯಾಯದ ಸಿಟ್ಟು, ಒಂದಕ್ಷರವೂ ಬದಲಾಗದೆ ಪರೀಕ್ಷೆಯಲ್ಲಿದೆ. ಅತ್ತೆಯ ಫೋನಿನೊಳಗಿನ 'ಅವ್ವ' ಇನ್ನು ಮೇಲೆ ಅದನ್ನು ದಾಟದೆ ಪಾಸಾಗುವಂತಿಲ್ಲ. ಗೆದ್ದವನು ನಾನು. ಆದರೆ ಆ ಗೆಲುವಿನ ಜೊತೆಗೆ ಅನಘಾಳಿಂದ ಇನ್ನೊಂದು ಸಂದೇಶವೂ ಬಂತು: "ಸೂಪರ್ ಸರ್! ನಿಮ್ಮ ಮನೆಯವರ ಹತ್ತಿರ ಇಂಥ ರೋಗಿಗಳು ತುಂಬ ಇದ್ದಾರಂತೆ. ಅವರೇ ಬರೆದುಕೊಟ್ಟರೆ ಚೆನ್ನಾಗಿತ್ತು." ಈ ಸಲ 'ಆದರೆ' ಇರಲಿಲ್ಲ.

ಹಾಗಾಗಿ ನಾನು ಇದನ್ನು ಬರೆಯುತ್ತಿರುವ ಹೊತ್ತಿನಲ್ಲಿ ನನ್ನ ಎದುರಿಗೆ ಕೂತು ಸುಜಾತ ಪ್ರಶ್ನೆ ಬರೆಯುತ್ತಿದ್ದಾಳೆ. ರೋಗಿಗಳೆಲ್ಲ ಐವತ್ತಮೂರು ವರ್ಷದ ಗಂಡಸರು. ಈಗಷ್ಟೇ ತಲೆಯೆತ್ತಿ, ಮೊನ್ನೆ ಕೆಮ್ಮಿನ ಔಷಧಿಯನ್ನು ಬಾಟಲಿಯಿಂದ ನೇರವಾಗಿ ಎಷ್ಟು ಗುಟುಕು ಕುಡಿದಿರಿ ಎಂದು ಕೇಳಿದಳು. ಹೇಳುವುದಿಲ್ಲ ಎಂದೆ. ಇದು ನನ್ನ ಸ್ವಂತ ವಿಷಯ, ಪರೀಕ್ಷಕನನ್ನು ಪರೀಕ್ಷೆ ಮಾಡುವ ಅಧಿಕಾರ ಯಾರಿಗೂ ಇಲ್ಲ, ಏನು ಬೇಕಾದರೂ ಮಾಡಿಕೋ, ಪ್ರಾಣ ಹೋದರೂ ಹೇಳುವುದಿಲ್ಲ ಎಂದು ಮೇಜು ಗುದ್ದಿದೆ.

ಅವಳು ಮತ್ತೆ ಬರೆಯಲು ತೊಡಗಿ, ತಲೆಯೆತ್ತದೆಯೇ ಕೇಳಿದಳು: "ಊಟ ಆಯ್ತಾ?"

ಆಗಿರಲಿಲ್ಲ.